ಚೌಡಮ್ಮನ ಮುಂದೆ ಇಟ್ಟ ಫ್ರೆಂಚ್ ಬಾಟಲಿ

ನಮ್ಮ ದೇವರ ಮನೆಯಲ್ಲಿ ಮೂರು ದಿನ ಒಂದು ವೈನ್ ಬಾಟಲಿ ಇತ್ತು. ಅರಿಶಿನ, ಕುಂಕುಮ, ಒಂದು ಮೊಳ ಮಲ್ಲಿಗೆ ಸಮೇತ.

ಹೌದು, ನೀವು ಸರಿಯಾಗಿಯೇ ಓದಿದಿರಿ. ಈರುಳ್ಳಿ ಕೂಡ ಅಮಾವಾಸ್ಯೆಯ ದಿನ ಒಳಗೆ ಬರದ ಮನೆ ನಮ್ಮದು.

ತಿರುಪ್ಪೂರಿನಲ್ಲಿ ನಮ್ಮ ಯಜಮಾನರದು ಬನಿಯನ್ ಕಂಪನಿ. ಕಳೆದ ಶುಕ್ರವಾರ ಫ್ರಾನ್ಸಿನ ಗಿರಾಕಿಯೊಬ್ಬರು ಸ್ಯಾಂಪಲ್ ನೋಡಲು ಬಂದವರು ಮನೆಗೂ ಬಂದರು. ಹೊರಡುವಾಗ ನಮ್ಮತ್ತೆಯ ಕೈಗೆ ಒಂದು ಉದ್ದನೆಯ ಡಬ್ಬಿ ಕೊಟ್ಟು ಕೈಮುಗಿದರು. ನಮ್ಮಲ್ಲಿ ಹೊಸದು ಏನು ಬಂದರೂ ಮೊದಲು ಕುಲದೇವತೆ ಚೌಡಮ್ಮನ ಮುಂದೆ ಇಡಬೇಕು. ಹೊಸ ಡಿಸೈನಿನ ಮೊದಲ ಬನಿಯನ್ನೂ ಅಷ್ಟೇ, ಮಕ್ಕಳ ನೋಟ್‌ಬುಕ್ಕೂ ಅಷ್ಟೇ. ನಾನು ಕಾಫಿ ಲೋಟ ತೊಳೆದು ಬರುವಷ್ಟರಲ್ಲಿ ಬಾಟಲಿಯ ಚಿನ್ನದ ಕಾಗದದ ಕುತ್ತಿಗೆಗೆ ಕುಂಕುಮ ಬಿದ್ದಿತ್ತು.

ಕಾನ್ವೆಂಟಿನಲ್ಲಿ ಓದಿದವಳು ನಾನು. ಲೇಬಲ್ ಓದಲು ಬಂತು. ಬಾಯಿ ಬಿಟ್ಟೆನೇ? ಇಲ್ಲ. (ಸುಳ್ಳು ಹೇಳುವುದು ಪಾಪ ಎಂದು ಸಿಸ್ಟರುಗಳು ಕಲಿಸಿದ್ದರು. ಸುಮ್ಮನಿರುವುದರ ಬಗ್ಗೆ ಸ್ಪಷ್ಟವಾಗಿ ಏನೂ ಹೇಳಿರಲಿಲ್ಲ.)

ಸುಮ್ಮನಿರಲು ಕಾರಣವಿತ್ತು. ನನ್ನನ್ನು ತಮಿಳಿನವರಂತೆ ‘ಅಣ್ಣಿ’ (ಅತ್ತಿಗೆ) ಎಂದು ಕರೆಯುವ ನಾದಿನಿ ವಸಂತಾ ಈ ವರ್ಷ ಬಿ.ಎಸ್ಸಿ. ಮುಗಿಸಿದ್ದಾಳೆ. ಕೊಯಮತ್ತೂರಿನಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿದೆ. ಹಿಟ್ಟು ಹುಳಿಯಾಗುವುದು, ಹಾಲು ಮೊಸರಾಗುವುದು, ದ್ರಾಕ್ಷಿ ವೈನಾಗುವುದು, ಇವುಗಳ ಹಿಂದಿರುವ ಸೂಕ್ಷ್ಮಜೀವಿಗಳ ಓದು. ಕರುಮತ್ತಂಪಟ್ಟಿಯ ನೆಂಟರೊಬ್ಬರು ಇದರಲ್ಲಿ ‘ವೈನ್’ ಎಂಬುದೊಂದನ್ನೇ ಹೆಕ್ಕಿ ಅತ್ತೆಯ ಕಿವಿಗೆ ಹಾಕಿದ್ದರು. ಸಾರಾಯಿ ಕಾಯಿಸಲು ಕಾಲೇಜು ಬೇಕೇ, ಇವಳನ್ನು ಯಾರು ಮದುವೆಯಾಗುತ್ತಾರೆ ಎಂದು ಅತ್ತೆ ಹಟ ಹಿಡಿದಿದ್ದರು. ಬುಧವಾರದೊಳಗೆ ಕಾಲೇಜು ಸೇರದಿದ್ದರೆ ಸೀಟು ಬೇರೆಯವರಿಗೆ. ಹದಿನೈದು ದಿನದಿಂದ ಅವರ ಮನಸ್ಸನ್ನು ನಿಧಾನವಾಗಿ ಮೆತ್ತಗೆ ಮಾಡುತ್ತಿದ್ದೆ. ಅಂಥ ಹೊತ್ತಿನಲ್ಲಿ ಈ ಬಾಟಲಿ!

ಸೋಮವಾರ ಬೆಳಿಗ್ಗೆ ಸ್ನಾನ ಮಾಡಿ ಬಂದ ಯಜಮಾನರು ದೇವರಿಗೆ ಕೈಮುಗಿಯುತ್ತಾ, ಇದು ಶಾಂಪೇನ್ ಅಲ್ಲವಾ ಎಂದು ದೊಡ್ಡ ದನಿಯಲ್ಲೇ ಕೇಳಿದರು. (ಗಂಡಸರು!)

ಅತ್ತೆ ಅವರನ್ನೂ ಕೇಳಲಿಲ್ಲ, ನನ್ನನ್ನೂ ಕೇಳಲಿಲ್ಲ. ವಸಂತಾಳನ್ನು ಕರೆದರು.

“ಅಮ್ಮಣಿ, ನೀ ಓದ್ದೋಳು. ನಿಜ ಸೊಲ್ಲು. ಇದು ಕಳ್ಳು ತಾನೇ?”

ನಾನು ಬಾಗಿಲ ಹಿಂದಿನಿಂದ ಕಣ್ಣಲ್ಲೇ ಹೇಳಿದೆ: ದ್ರಾಕ್ಷಿ ರಸ ಅನ್ನು. ಅರ್ಧ ಸತ್ಯವಾದರೂ ಆಗುತ್ತಿತ್ತು. ಅವಳು ನನ್ನನ್ನು ನೋಡಿದಳು. ಬಾಟಲಿಯನ್ನು ನೋಡಿದಳು.

“ಕಳ್ಳು ಅಲ್ಲ ಅವ್ವಾ, ವೈನು. ಆದ್ರೆ ಅಮಲು ಇದೆ.”

ಮುಗಿಯಿತು ಅಂದುಕೊಂಡೆ.

ಅತ್ತೆ ಮಣೆಯ ಮೇಲೆ ಕೂತುಬಿಟ್ಟರು. ಸಂಕಟ ಎರಡು ಕಡೆಯಿಂದ. ಕುಡಿಯುವ ಮಾತೇ ಇಲ್ಲ. ಚೌಡಮ್ಮನಿಗೆ ಇಟ್ಟದ್ದನ್ನು ಎಸೆಯುವ ಹಾಗೂ ಇಲ್ಲ. ಮಗಳ ಕಡೆ ತಿರುಗಿ, ಮೊದಲು ಇದನ್ನು ಹೇಗೆ ಮಾಡುತ್ತಾರೆ ಹೇಳು ಅಂದರು.

ವಸಂತಾ ಪುಸ್ತಕ ತರಲಿಲ್ಲ. ಗಂಜಿಯಿಂದ ಶುರುಮಾಡಿದಳು.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮದು ಮೂಲತಃ ನೇಯ್ಗೆಯ ಮನೆ. ಮಗ್ಗಕ್ಕೆ ಏರಿಸುವ ಮೊದಲು ನೂಲನ್ನು ಬೀದಿಯುದ್ದ ಕಟ್ಟಿ ಗಂಜಿ ಬಳಿಯುತ್ತಾರೆ. ಆ ಗಂಜಿ ಹದವಾಗಿ ಹುಳಿಯಬೇಕು. ಹೆಚ್ಚಾದರೆ ಎಳೆ ಅಂಟುತ್ತದೆ, ಕಮ್ಮಿಯಾದರೆ ತುಂಡಾಗುತ್ತದೆ. ಅತ್ತೆ ನಲವತ್ತು ವರ್ಷ ಮಡಕೆಗೆ ಕಿವಿಯಿಟ್ಟು, ಗುಳ್ಳೆಯ ಸದ್ದಿನಲ್ಲೇ ಹದ ಹೇಳಿದವರು. ಬೀದಿಯವರೆಲ್ಲ ಅವರನ್ನು ಕೇಳಿಯೇ ಬಳಿಯುತ್ತಿದ್ದರಂತೆ.

ಗಂಜಿಯ ಗುಳ್ಳೆಯಂತೆಯೇ ದ್ರಾಕ್ಷಿ ರಸದ ಗುಳ್ಳೆ, ಅಂದಳು ವಸಂತಾ. ಯೀಸ್ಟ್ ಎಂಬ ಕಣ್ಣಿಗೆ ಕಾಣದ ಜೀವಿ ಸಕ್ಕರೆ ತಿಂದು ಗ್ಯಾಸ್ ಬಿಡುತ್ತದೆ. ಸಾಧಾರಣ ವೈನಿನಲ್ಲಿ ಆ ಗ್ಯಾಸ್ ಹೊರಗೆ ಹೋಗುತ್ತದೆ. ಇದರಲ್ಲಿ ಹಾಗಲ್ಲ. ತಯಾರಾದ ವೈನನ್ನು ಬಾಟಲಿಗೆ ತುಂಬಿ, ಮತ್ತೆ ಸ್ವಲ್ಪ ಸಕ್ಕರೆ, ಸ್ವಲ್ಪ ಯೀಸ್ಟ್ ಹಾಕಿ ಭದ್ರವಾಗಿ ಮುಚ್ಚುತ್ತಾರೆ. ಗ್ಯಾಸಿಗೆ ದಾರಿಯಿಲ್ಲ, ವೈನಿನಲ್ಲೇ ಕರಗುತ್ತದೆ. ಒಳಗಿನ ಒತ್ತಡ ಕಾರಿನ ಟೈರಿಗಿಂತ ಹೆಚ್ಚು.

ಅತ್ತೆ ಬಾಟಲಿಯನ್ನು ಬೆಳಕಿಗೆ ಹಿಡಿದರು. “ಹುಳಿದ್ರೆ ಅಡೀಲಿ ಮಡ್ಡಿ ನಿಲ್ಬೇಕಲ್ಲ. ಇದ್ರಲ್ಲಿ ಎಲ್ಲಿ?”

ವಸಂತಾಳ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಕ್ಲಾಸಿನಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲವಂತೆ.

ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮಡ್ಡಿಯೊಂದಿಗೇ ಮಲಗಿಸುತ್ತಾರೆ. ರುಚಿ ಬರುವುದೇ ಅಲ್ಲಿಂದ. ಆಮೇಲೆ ತೂತಿನ ಹಲಗೆಗೆ ಕುತ್ತಿಗೆ ಸಿಕ್ಕಿಸಿ, ದಿನಾ ಕೈಯಿಂದ ಒಂದಿಷ್ಟು ತಿರುಗಿಸಿ, ಒಂದಿಷ್ಟು ಓರೆ ಮಾಡಿ, ಕೊನೆಗೆ ತಲೆಕೆಳಗು ನಿಲ್ಲಿಸುತ್ತಾರೆ. ಮಡ್ಡಿಯೆಲ್ಲ ಕುತ್ತಿಗೆಗೆ ಇಳಿಯುತ್ತದೆ. ಕುತ್ತಿಗೆಯನ್ನಷ್ಟೇ ಐಸ್ ಮಾಡಿ ಮುಚ್ಚಳ ತೆಗೆದರೆ ಮಡ್ಡಿಯ ಗಟ್ಟಿ ತಾನೇ ಹೊರಗೆ ಹಾರುತ್ತದೆ. ಕಮ್ಮಿಯಾದಷ್ಟು ಸಿಹಿ ವೈನ್ ತುಂಬಿ ಕಾರ್ಕ್ ಹಾಕುತ್ತಾರೆ.

“ಒಂದೊಂದು ಬಾಟಲಿನೂ ಕೈಯಲ್ಲೇ?” ಅತ್ತೆ ಕೇಳಿದರು.

“ಹಳೇ ಪದ್ಧತೀಲಿ ಕೈಯಲ್ಲೇ ಅವ್ವಾ.”

ಅತ್ತೆ ಮಣೆಯನ್ನು ಮುಂದಕ್ಕೆ ಎಳೆದುಕೊಂಡರು. (ಇಂಥದ್ದನ್ನು ನಾನು ಗಮನಿಸುತ್ತೇನೆ.)

ಇದರಲ್ಲೂ ಜಾತಿಗಳಿವೆ. ಕೈಕೆಲಸದ್ದು ಒಂದು. ದೊಡ್ಡ ಟ್ಯಾಂಕಿನಲ್ಲಿ ಒಟ್ಟಿಗೆ ಹುಳಿಸಿ ಬಾಟಲಿಗೆ ತುಂಬುವುದು ಇನ್ನೊಂದು. ಹುಳಿಸುವ ಗೋಜೇ ಇಲ್ಲದೆ ವೈನಿಗೆ ಗ್ಯಾಸ್ ನುಗ್ಗಿಸುವುದು ಮೂರನೆಯದು. ಮೊದಲನೆಯದು ಕೈಮಗ್ಗ, ಎರಡನೆಯದು ಪವರ್‌ಲೂಮ್ ಎಂದು ಅತ್ತೆ ತಾವೇ ವಿಂಗಡಿಸಿದರು. ಮೂರನೆಯದಕ್ಕೆ ಅವರ ಬಳಿ ಒಂದೇ ಮಾತು: ಗೋಲಿ ಸೋಡಾ.

ಶಾಂಪೇನ್ ಎಂಬುದು ಫ್ರಾನ್ಸಿನ ಒಂದು ಸೀಮೆಯ ಹೆಸರು, ಆ ಸೀಮೆಯ ದ್ರಾಕ್ಷಿಯಿಂದ ಅಲ್ಲೇ ಮಾಡಿದ್ದಕ್ಕೆ ಮಾತ್ರ ಆ ಹೆಸರು ಸಲ್ಲುತ್ತದೆ ಎಂದಾಗ, ಎಲ್ಲೋ ನೇಯ್ದ ಸೀರೆಯನ್ನು ಕಾಂಚೀಪುರ ಎಂದು ಮಾರುವವರನ್ನು ನೆನೆದು ಬೈದರು. ಕೊನೆಗೆ ಸೇರಿಸುವ ಸಕ್ಕರೆಯ ಲೆಕ್ಕದಲ್ಲಿ ಇನ್ನೊಂದು ವಿಂಗಡಣೆ. ಬ್ರೂಟ್ ಎಂದರೆ ಸಿಹಿ ತೀರಾ ಕಮ್ಮಿ. ಎಕ್ಸ್‌ಟ್ರಾ ಡ್ರೈ ಎಂದರೆ ಇನ್ನೂ ಕಮ್ಮಿ ಅಂದುಕೊಳ್ಳುತ್ತೀರಿ ಅಲ್ಲವೇ? ನಾನೂ ಹಾಗೇ ಅಂದುಕೊಂಡೆ. ಅದು ಬ್ರೂಟಿಗಿಂತ ತುಸು ಸಿಹಿಯಂತೆ! ಆಮೇಲೆ ಸೆಕ್, ಡೆಮಿ ಸೆಕ್, ಎಲ್ಲಕ್ಕಿಂತ ಸಿಹಿ ಡೂ. ನಮ್ಮದು ಬ್ರೂಟ್.

ಸರಿ, ಬಾಟಲಿಯ ಗತಿ? ದೇವರಿಗಿಟ್ಟ ನೀರನ್ನು ಯಾರೂ ತುಳಿಯದ ಕಡೆ, ಗಿಡದ ಬುಡಕ್ಕೆ ಹಾಕುವುದು ನಮ್ಮ ರೂಢಿ. ಹಿತ್ತಲಿನ ಕರಿಬೇವಿನ ಬುಡಕ್ಕೆ ಎಂದು ತೀರ್ಮಾನವಾಯಿತು. ಯಜಮಾನರು ಗೋಲಿ ಸೋಡಾ ಒಡೆಯುವವರಂತೆ ಹೆಬ್ಬೆರಳು ಊರಿ ಸಿದ್ಧರಾದರು. ಮೂರು ದಿನ ದೀಪದ ಪಕ್ಕದಲ್ಲಿದ್ದು ಬಿಸಿಯಾಗಿದೆ, ಕಾರ್ಕ್ ಕಣ್ಣಿಗೇ ಹಾರುತ್ತದೆ ಎಂದು ವಸಂತಾ ಕಿತ್ತುಕೊಂಡಳು. ಸರ್ಬತ್ ಅಂಗಡಿಯಿಂದ ಐಸ್ ತರಿಸಿ ಬಕೆಟ್ಟಿನಲ್ಲಿ ತಣ್ಣಗೆ ಮಾಡಿದಳು. ಬಾಟಲಿಯನ್ನು ಗೋಡೆಯ ಕಡೆ ಓರೆಯಾಗಿ ಹಿಡಿದು, ಕಾರ್ಕನ್ನು ಬಿಗಿಯಾಗಿ ಒತ್ತಿಟ್ಟುಕೊಂಡು ಅದಕ್ಕೆ ಬಿಗಿದಿದ್ದ ತಂತಿ ಸಡಿಲಿಸಿದಳು. ಆಮೇಲೆ ಕಾರ್ಕ್ ಅಲ್ಲ, ಬಾಟಲಿಯನ್ನು ತಿರುಗಿಸಿದಳು. ಢಂ ಎನ್ನಲಿಲ್ಲ. ಉಸ್ಸೆಂದಿತು, ಅಷ್ಟೆ.

ಎಲ್ಲಿ ಕಲಿತೆ ಎಂದು ನಾನು ಕೇಳಿದೆ. ಲೈಬ್ರರಿಯಲ್ಲಿ ಓದಿದ್ದಂತೆ. ಮುಟ್ಟಿದ್ದು ಇದೇ ಮೊದಲು.

ಅತ್ತೆ ಬಾಟಲಿ ಇಸಿದುಕೊಂಡರು. ಮೂಗಿಗೆ ಹಿಡಿಯಲಿಲ್ಲ. ಕಿವಿಗೆ ಹಿಡಿದರು! ಕಣ್ಣು ಮುಚ್ಚಿ ಕೇಳಿದರು. ಸಣ್ಣ ಗುಳ್ಳೆ, ಆತುರವಿಲ್ಲದ ಗುಳ್ಳೆ, ಒಳ್ಳೇ ಕೆಲಸ ಅಂದರು. ಆಮೇಲೆ ಎಲ್ಲವನ್ನೂ ಕರಿಬೇವಿನ ಬುಡಕ್ಕೆ ಸುರಿದು ಕೈತೊಳೆದುಕೊಂಡರು.

ಸೆರಗಿಗೆ ಕೈ ಒರೆಸುತ್ತಾ ಮಗಳಿಗೆ ಹೇಳಿದ್ದಿಷ್ಟು:

“ಅಣ್ಣಿ ಕಣ್ಣು ಮಿಟುಕಿಸಿದ್ದು ನಂಗೂ ಕಾಣಿಸ್ತು. ನೀ ಸುಳ್ಳು ಹೇಳ್ಲಿಲ್ಲ. ದೂರದಲ್ಲಿದ್ರೂ ಹೀಗೇ ಇರ್ತೀಯ. ಹೋಗಿ ಓದ್ಕೋ.”

ನನಗೆ ನಾಚಿಕೆಯೂ ಆಯಿತು, ಅಳುವೂ ಬಂತು. ಹದಿನೈದು ದಿನ ನಾನು ನಯವಾಗಿ ಸುತ್ತಿಬಳಸಿ ಆಡಿದ ಮಾತುಗಳೆಲ್ಲ ದಂಡ. ನಾವು ಹೆಂಗಸರು ಎಷ್ಟು ಸಲ ಹೀಗೆ ಮಾಡುತ್ತೇವೆ! ಹಿರಿಯರಿಗೆ ಅರ್ಥವಾಗುವುದಿಲ್ಲ ಎಂದು ನಾವೇ ತೀರ್ಮಾನಿಸಿ, ಅವರಿಗೆ ಅರ್ಧ ಸತ್ಯವನ್ನಷ್ಟೇ ಬಡಿಸುತ್ತೇವೆ. ನೇರವಾಗಿ ಹೇಳಿ ನೋಡಿದ್ದೇವೆಯೇ?

ನಾಳೆ ಬುಧವಾರ. ವಸಂತಾಳ ಜೊತೆ ಅತ್ತೆಯೂ ಕೊಯಮತ್ತೂರಿನ ಬಸ್ಸು ಹತ್ತುತ್ತಿದ್ದಾರೆ, ಆ ಲ್ಯಾಬಿನವರು ಪಾತ್ರೆಗಳನ್ನು ಸರಿಯಾಗಿ ತೊಳೆಯುತ್ತಾರೋ ಇಲ್ಲವೋ ಕಣ್ಣಾರೆ ನೋಡಲು. ಪ್ರೊಫೆಸರಿಗೆ ಯಾರಾದರೂ ಮುಂಚಿತವಾಗಿ ಒಂದು ಮಾತು ತಿಳಿಸಬಾರದೇ?