ನವಿಲಿನಿಂದ ಕಬ್ಬಿಗೆ

ಆ ದಿನದ ಡೈರಿಯಲ್ಲಿ ನಾನು ಬರೆದಿರುವುದು ಇಷ್ಟೇ: ‘ಸವದತ್ತಿ ಸಭೆ. ತಲೆಶೂಲೆ.’ ಉಳಿದದ್ದನ್ನು ನೆನಪಿನಿಂದ ಬರೆಯುತ್ತಿದ್ದೇನೆ. ಸಿಟ್ಟಿನಲ್ಲಿ ಉಳಿದ ನೆನಪು ಜನರನ್ನು ಇದ್ದುದಕ್ಕಿಂತ ದಡ್ಡರನ್ನಾಗಿ ಮಾಡುತ್ತದೆ ಎಂಬ ಅನುಮಾನ ನನಗಿದೆ. ಆದರೂ ಸಭೆಯನ್ನು ದವನದ ಹುಣ್ಣಿಮೆಯ ದಿನವೇ ಇಟ್ಟಿದ್ದರು ಎಂಬುದರಲ್ಲಿ ಅನುಮಾನವಿಲ್ಲ. ದಿನ ಗೊತ್ತುಮಾಡಿದ ಅಧಿಕಾರಿ ಹೊರಗಿನವರು. ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಹೋಗುವವರಿಂದ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ ಎಂದು ನಮ್ಮಲ್ಲಿ ಯಾರೂ ಅವರಿಗೆ ಹೇಳಿರಲಿಲ್ಲ. ಯಾರಾದರೂ ಹೇಳಿರುತ್ತಾರೆ ಎಂದು ಎಲ್ಲರೂ ಅಂದುಕೊಂಡಿದ್ದೆವು.

ಎರಡು ಸಾವಿರದ ಆಚೀಚೆಯ ವರ್ಷಗಳು ಅವು. ನಮ್ಮ ಶಾಲೆಗಳಿಗೆ ಏಣಿ ಬಂದಿತ್ತು, ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಏಣಿ. ಮೆಟ್ಟಿಲಿಗೊಂದು ಚಿತ್ರ, ಚಿತ್ರಕ್ಕೊಂದು ಕಟ್ಟು ಕಾರ್ಡು. ಒಂದು ಮೆಟ್ಟಿಲಿನ ಪಾಠ ಪೂರ್ತಿ ಬಂದ ಮೇಲೆಯೇ ಮಗು ಮುಂದಿನದಕ್ಕೆ ಹೋಗಬೇಕು. ಜೂನ್ ಬಂತೆಂದು ಯಾರನ್ನೂ ಮುಂದೆ ತಳ್ಳುವಂತಿಲ್ಲ, ಕೆಲವು ತಿಂಗಳು ಶಾಲೆ ತಪ್ಪಿತೆಂದು ಹಿಂದೆ ಹಾಕುವಂತೆಯೂ ಇಲ್ಲ. ಧಾರವಾಡದಲ್ಲಿ ಎಂ.ಎ. ಓದಿ ಬಂದ ನನಗೆ, ಪುಸ್ತಕದಲ್ಲಿ ಕಂಡದ್ದು ಮೊದಲ ಸಲ ಗೋಡೆಯ ಮೇಲೂ ಕಂಡಿತ್ತು.

ನನ್ನ ಶಾಲೆ ಸುರೇಬಾನದ ಆಚೆ ಒಂದು ಹಳ್ಳಿಯಲ್ಲಿತ್ತು. ದೀಪಾವಳಿ ಮುಗಿದದ್ದೇ ಅರ್ಧ ತರಗತಿ ತಂದೆತಾಯಿಗಳ ಜೊತೆ ಬೈಲಹೊಂಗಲದ ಕಡೆ ಕಬ್ಬು ಕಡಿಯುವ ಗ್ಯಾಂಗಿಗೆ ಹೋಗುತ್ತಿತ್ತು, ಯುಗಾದಿಗೆ ಮರಳುತ್ತಿತ್ತು. ಸವದತ್ತಿ, ಸುರೇಬಾನ, ಬೈಲಹೊಂಗಲ, ಕಿತ್ತೂರು, ಈ ನಾಲ್ಕೂ ಊರಿನ ಸುತ್ತಲಿನ ಶಾಲೆಗಳು ಒಂದೇ ಏಣಿ ಇಟ್ಟುಕೊಂಡರೆ, ಇಲ್ಲಿ ನವಿಲಿನ ಮೆಟ್ಟಿಲಿನಲ್ಲಿದ್ದ ಮಗು ಅಲ್ಲಿಯೂ ನವಿಲಿನಿಂದಲೇ ಮುಂದೆ ಹೋಗಬಹುದು. ಶಾಲೆಗಳು ಒಟ್ಟಾದದ್ದೇ ಇದಕ್ಕಾಗಿ. ಈ ಮಾತನ್ನು ಮೊದಲು ಎತ್ತಿದವಳು ನಾನೆಂದು ನನ್ನ ನೆನಪು. ಬೈಲಹೊಂಗಲ ಕಡೆಯ ಮಾಸ್ತರರೊಬ್ಬರು ಅದು ತಮ್ಮದೇ ಎನ್ನುತ್ತಿದ್ದರು. ಇರಲಿ.

ಹಿಂದೆಯೇ ಇನ್ನೊಂದು ಸೂಚನೆ ಬಂತು. ಮಗು ತನ್ನ ಸುತ್ತ ಕಂಡದ್ದರಿಂದಲೇ ಕಲಿಕೆ ಶುರುವಾಗಬೇಕು, ಆಯಾ ಊರಿನ ಬದುಕು ಏಣಿಯಲ್ಲಿ ಬರಬೇಕು. ಅದೂ ಸರಿಯೇ. ಎರಡು ಸರಿಯಾದ ಮಾತುಗಳು ಸೇರಿ ಇಂಥ ಗೊಂದಲ ಹುಟ್ಟಿಸಬಲ್ಲವೆಂದು ನನಗೆ ತಿಳಿದಿರಲಿಲ್ಲ. ಪ್ರತಿ ಶಾಲೆಯೂ ಹಳೆಯ ಚಿತ್ರಗಳನ್ನು ಅಳಿಸಿ ತನ್ನ ಊರಿನವನ್ನು ಬರೆಸಿತು, ಮೆಟ್ಟಿಲುಗಳನ್ನೂ ಹಿಂದುಮುಂದು ಮಾಡಿತು. ಬೈಲಹೊಂಗಲದ ಕಡೆಯ ಆ ಮಾಸ್ತರರ ಶಾಲೆಯಲ್ಲಿ ಮೊದಲ ಮೆಟ್ಟಿಲು ಕಬ್ಬು ಆಯಿತು. ನವಿಲು ಉಳಿದದ್ದು ನನ್ನ ಗೋಡೆಯ ಮೇಲೆ ಮಾತ್ರ.

ನನ್ನ ಹತ್ತಿರ ಒಬ್ಬ ಹುಡುಗಿ ಇದ್ದಳು. ದೀಪಾವಳಿಯ ಹೊತ್ತಿಗೆ ನವಿಲಿನ ತನಕ ಬಂದಿದ್ದಳು, ಅಂದರೆ ಒತ್ತಕ್ಷರ ಕೂಡಿಸಿ ಓದುತ್ತಿದ್ದಳು. ಯುಗಾದಿಗೆ ಮರಳಿದಾಗ, ಈಗ ಯಾವ ಚಿತ್ರ ಎಂದು ಕೇಳಿದೆ.

“ಕಬ್ಬರಿ,” ಎಂದಳು. “ಹೊಲದಾಗೂ ಕಬ್ಬು, ಸಾಲ್ಯಾಗೂ ಕಬ್ಬು.”

ಆ ಶಾಲೆಯಲ್ಲಿ ಅವಳನ್ನು ಯಾವ ಮೆಟ್ಟಿಲೆಂದು ಕೇಳಿದ್ದರು. ನವಿಲು ಅಂದಿದ್ದಳು. ಅವರ ಏಣಿಯಲ್ಲಿ ನವಿಲು ಇರಲಿಲ್ಲ. ಮೊದಲಿನಿಂದಲೇ ಆಗಲಿ ಎಂದು ಕೂರಿಸಿದ್ದರು. ಇಡೀ ಸುಗ್ಗಿ ಅವಳು ಅಕ್ಷರವೇ ಬಾರದ ಮಕ್ಕಳ ನಡುವೆ ಕೂತು ‘ಕ’ ತೀಡಿದ್ದಳು. ಅದರ ಹಿಂದಿನ ವರ್ಷ, ಏಣಿ ಇಲ್ಲದ ಕಾಲದಲ್ಲೂ, ಅವಳಿಗೆ ಆದದ್ದು ಇದೇ.

ಅವಳ ತಾಯಿ ಶಾಲೆಯ ಬಾಗಿಲಿಗೆ ಬಂದಳು. ಕಂಕುಳಲ್ಲಿ ಗಂಡುಕೂಸು.

“ಪ್ರತಿ ಸಲಾ ಮೊದಲಿಂದ ಅಂದ್ರ ಅಕಿ ಮುದುಕಿ ಆದ್ರೂ ಮುಗ್ಯಾಂಗಿಲ್ಲರಿ ಅಕ್ಕೋರ,” ಎಂದಳು. “ಇನ್ನ ಸಾಲಿ ಸಾಕು. ಈ ಕೂಸನ್ನರ ಹಿಡೀಲಿ.”

ಸವದತ್ತಿಯಲ್ಲಿ ಸಭೆಯಿದೆ, ಹುಡುಗಿಯನ್ನು ಕರೆದುಕೊಂಡು ಬಾ, ಅಲ್ಲಿಯೇ ಇತ್ಯರ್ಥ ಮಾಡೋಣ ಎಂದೆ. ಬರುವುದಿಲ್ಲ ಎಂದಳು. ಯಾವತ್ತು ಎಂದು ಕೇಳಿದಳು. ಹುಣ್ಣಿಮೆ ಎಂದಾಗ ಮುಖ ಸಡಿಲಾಯಿತು. ಹೇಗಿದ್ದರೂ ಗುಡ್ಡಕ್ಕೆ ಹೋಗುವುದಿದೆ, ಬರುತ್ತೇನೆ ಎಂದಳು. ಅಧಿಕಾರಿಯ ಅಜ್ಞಾನದಿಂದ ಆದ ಒಂದೇ ಉಪಕಾರ ಇದು.

ಸಭೆಯ ಮೊದಲ ಭಾಗ ಕೋಟೆಯ ಚಿತ್ರದ ಜಗಳದಲ್ಲೇ ಕಳೆಯಿತು. ಎಲ್ಲ ಶಾಲೆಗಳ ಏಣಿಯಲ್ಲೂ ಒಂದೇ ಕೋಟೆ ಇರಬೇಕು ಎಂದು ತೀರ್ಮಾನವಾಗಿತ್ತು. ಅದು ತಮ್ಮದೇ ಎಂದು ಕಿತ್ತೂರಿನ ಹೆಡ್‌ಮಾಸ್ತರರು ಹಿಡಿದು ಕೂತರು, ನಾಡಿಗೆಲ್ಲ ಗೊತ್ತಿರುವುದನ್ನು ಬಿಟ್ಟು ಬೇರೆ ಯಾವುದನ್ನು ಬರೆಯುವುದು ಎಂದರು. ತೊರಗಲ್ಲಿನಿಂದ ಬಂದವರು ಕುರ್ಚಿಯಿಂದ ಎದ್ದರು. “ನಿಮ್ಮದು ಕೋಟಿ, ನಮ್ಮದೇನು ದನದ ಕೊಟಗಿ ಏನ್ರಿ ಸರ?” ಎಂದರು. ಹೊತ್ತು ಹೋಗುತ್ತಲೇ ಇತ್ತು. ತಾಯಿಯೂ ಹುಡುಗಿಯೂ ಕೂತಿದ್ದ ಹಿಂದಿನ ಬೆಂಚಿನಲ್ಲಿ ಕೂಸು ಅಳುತ್ತಿತ್ತು. ಕೊನೆಗೆ ಅಧಿಕಾರಿಗಳು ರಾಜಿ ಮಾಡಿಸಿದರು: ಯಾವ ಊರಿನದೆಂದೂ ಗುರುತು ಸಿಗದ ಹಾಗೆ ಒಂದು ಕೋಟೆ ಬರೆಸುವುದು. ಊರಿನ ಬದುಕು ಏಣಿಗೆ ಬರಬೇಕು ಎಂದು ಕರೆದ ಸಭೆ ಅದು. ನಾನು ನಕ್ಕೆನೋ, ಬರೀ ಹಣೆ ಒತ್ತಿಕೊಂಡೆನೋ, ಈಗ ಹೇಳಲಾರೆ.

ಅಷ್ಟಾದ ಮೇಲೆ ಎದ್ದು ಹುಡುಗಿಯ ವಿಷಯ ಹೇಳಿದೆ. ಕಿತ್ತೂರಿನ ಹೆಡ್‌ಮಾಸ್ತರರು, ಅವರ ಅಂತಃಕರಣ ದೊಡ್ಡದು, ಅವಳನ್ನು ಮುಂದೆ ಕರೆದು ತಮ್ಮ ಏಣಿಯ ನಕ್ಷೆ ಬಿಚ್ಚಿದರು. ಇದರಲ್ಲಿ ನಿನ್ನ ಚಿತ್ರ ಯಾವುದು ಎಂದು ಕೇಳಿದರು. ಅವಳು ಮೇಲಿನಿಂದ ಕೆಳಗಿನ ತನಕ ನೋಡಿ ತಲೆ ಅಲ್ಲಾಡಿಸಿದಳು. ಹಾಗಾದರೆ ಮೊದಲಿನಿಂದ ಇಡಬೇಕಾಗುತ್ತದೆ ಎಂದು ಅವರು ನಮ್ಮ ಕಡೆ ತಿರುಗಿದರು, ನಿಯಮ ಹಾಗಿದೆಯಲ್ಲ ಎಂದರು.

“ಚಿತ್ರ ಬಿಡ್ರಿ ಸರ,” ಎಂದಳು ಹುಡುಗಿ. “ಕಾರ್ಡ್ ಕೊಡ್ರಿ, ಓದತೇನಿ.”

ಕೇಳದೆಯೇ ಅವರ ಕಟ್ಟಿನ ನಡುವಿನಿಂದ ಒಂದನ್ನು ಎಳೆದಳು. ನಿಂತಲ್ಲೇ ಓದಿದಳು. ಒಂದು ಕಡೆ ತಡವರಿಸಿ, ಹಿಂದೆ ಹೋಗಿ, ಮತ್ತೆ ಓದಿದಳು. ಮುಗಿದ ಮೇಲೆ ಇನ್ನೊಂದು ಎಳೆದಳು.

ಬೈಲಹೊಂಗಲ ಕಡೆಯ ಮಾಸ್ತರರು ಕನ್ನಡಕ ತೆಗೆದು ಒರೆಸತೊಡಗಿದರು. “ಇಡೀ ಸುಗ್ಗಿ ನನ್ನ ಮುಂದ ಕುಂತಿದ್ದಳು,” ಎಂದರು. “ಓದು ಅಂತ ಒಂದ ದಿನಾನೂ ಅನಲಿಲ್ಲ ನಾ. ಚಿತ್ರ ಕೇಳಿದೆ, ಅಷ್ಟ.”

ತಾಯಿಗೆ ಅವರ ಪಶ್ಚಾತ್ತಾಪ ಬೇಕಾಗಿರಲಿಲ್ಲ. “ಬರೂ ವರ್ಷ ಎಲ್ಲಿ ಕುಂದ್ರಸ್ತೀರಿ, ಅದನ್ನ ಹೇಳ್ರಿ. ನಾ ಗುಡ್ಡಕ್ಕ ಹೋಗಬೇಕು.”

“ಓದಿಸಿ ನೋಡತೇನವ್ವಾ. ಎಲ್ಲಿ ನಿಲ್ಲತಾಳೋ ಅಲ್ಲಿಂದ.”

ನೋಡೂಣು ಎಂದಳು ತಾಯಿ. ಕೂಸನ್ನು ಹುಡುಗಿಯ ಕಂಕುಳಿಗೆ ದಾಟಿಸಿ, ಅವಳನ್ನೂ ಕರೆದುಕೊಂಡು ಹೊರಟುಹೋದಳು. ಆ ‘ನೋಡೂಣು’ವನ್ನು ಹೇಗೆ ತಿಳಿಯುವುದೋ ಗೊತ್ತಾಗಲಿಲ್ಲ. ಸಭೆಯ ನಡಾವಳಿಯಲ್ಲಿ ಇದು ಬರಲಿಲ್ಲ, ಕೋಟೆ ಬಂತು.

ಜೂನ್‌ನಲ್ಲಿ ಹುಡುಗಿ ಶಾಲೆಗೆ ಬಂದಳು, ಕೆಲವು ದಿನ ಕೂಸಿನ ಜೊತೆ, ಕೆಲವು ದಿನ ಇಲ್ಲವೇ ಇಲ್ಲ. ದೀಪಾವಳಿಗೆ ಗ್ಯಾಂಗು ಹೊರಟಿತು. ಯುಗಾದಿ ಕಳೆದು ಎರಡು ದಿನವಾದರೂ ಅವಳ ಸುಳಿವಿಲ್ಲ. ಮುಗಿಯಿತು ಎಂದುಕೊಂಡೆ. ಮೂರನೆಯ ದಿನ ತಮ್ಮನ ಕೈಹಿಡಿದು ಒಳಗೆ ಬಂದಳು. ಚಾಳಿ ಬಿಡದೆ ಯಾವ ಚಿತ್ರದಲ್ಲಿದ್ದೀ ಎಂದೇ ಕೇಳಿದೆ.

“ಚಿತ್ರ ನೋಡ್ಲಿಲ್ಲರಿ,” ಎಂದಳು. “ಲೆಕ್ಕದಾಗ ಹತ್ತರ ಮನಿಂದ ಕಡಾ ತಗೊಂಡು ಕಳ್ಯಾಕ ಬರತೈತಿ. ಇವನ್ನೂ ಕುಂದ್ರಿಸ್ಕೋರಿ, ಅವ್ವ ಅಂದಾಳ.”

ತಮ್ಮನಿಗೆ ಇನ್ನೂ ಸರಿಯಾಗಿ ಮಾತು ಬರುತ್ತಿರಲಿಲ್ಲ. ಅವನನ್ನು ಗೋಡೆಗೆ ಒರಗಿಸಿ ಕೂರಿಸಿದಳು. ಅಷ್ಟು ಹೊತ್ತಿಗೆ ನಮ್ಮ ಗೋಡೆಯ ನವಿಲನ್ನೂ ಅಳಿಸಿ, ಸಭೆ ಒಪ್ಪಿದ ಚಿತ್ರ ಬರೆಸಿಯಾಗಿತ್ತು. ಅವಳು ತಲೆ ಎತ್ತಿ ನೋಡಿದಳು.

“ಇದೇನರಿ?”

“ಕೋಟೆ.”

“ಯಾವೂರದು?”

ಚಿತ್ರ ಬಿಡು ಎಂದು ನಾನು ಕಾರ್ಡು ಕೊಟ್ಟೆ.