ಸುಣ್ಣದ ಕಲ್ಲಿನ ಲೆಕ್ಕ

ಇವತ್ತು ಕಾಲೇಜಿನಲ್ಲಿ ಪಾಠ ಮುಗಿಸಿ ಸುಸ್ತಾಗಿ ಬರುವಾಗ ಭಾಗ್ಯನಗರದ ಓಣಿಯಲ್ಲಿ ಯಾರೋ ಡ್ರಮ್ಮಿನಲ್ಲಿ ಸುಣ್ಣ ನೆನೆಹಾಕಿದ್ದರು. ಆ ಬಿಸಿ ವಾಸನೆಗೆ ಇರಕಲ್ಲಗಡದ ನಮ್ಮ ಮನೆ ಕಣ್ಮುಂದೆ ಬಂತು.

ಆಗ ಅಕ್ಕನ ಮದುವೆ ನಿಶ್ಚಯವಾಗಿತ್ತು. ಗೋಡೆಗೆ ಹಚ್ಚಲು ಅವ್ವ ಸುಣ್ಣಕ್ಕೆ ನೀರು ಹಾಕುತ್ತಿದ್ದಳು. ನಾನು ರಸಾಯನಶಾಸ್ತ್ರದ ಲೆಕ್ಕ ಬಾರದೆ ಅಳುತ್ತ ಕೂತಿದ್ದೆ. ಪಿಯುಸಿ ಸೈನ್ಸ್ ಮುಗಿಸಿ, ಮುಂದೆ ಬಿ.ಎಸ್ಸಿ. ಓದುವ ಆಸೆ ಇಟ್ಟುಕೊಂಡಿದ್ದ ಅಕ್ಕ ಬಂದು ಪಕ್ಕದಲ್ಲಿ ಕೂತಳು.

“ನೂರು ಗ್ರಾಂ ಸುಣ್ಣದ ಕಲ್ಲು ಸುಟ್ಟರ ಗ್ಯಾಸ್ ಹೋಗಿ ಐವತ್ತಾರು ಗ್ರಾಂ ಉಳೀತೈತಿ. ಅದಕ್ಕ ನೀರು ಕೂಡಿದರ ಎಪ್ಪತ್ನಾಲ್ಕು ಆಗತೈತಿ. ಒಂದೊಂದ ಹೆಜ್ಜಿ ಮಾಡು, ಒಮ್ಮೆಲೇ ಕೊನಿಗೆ ಹಾರಬ್ಯಾಡ.”

“ಅಕ್ಕಾ, ನೀನು ಟೀಚರ್ ಆಗು,” ಎಂದೆ.

ಅವಳು ಅಪ್ಪನ ಕಡೆ ನೋಡಿದಳು. ಅಪ್ಪ ಕೇಳಿಸದವರ ಹಾಗೆ ಬೀಡಿ ಹಚ್ಚಿಕೊಂಡು ಹೊರಗೆ ಹೋದರು.

“ಲೆಕ್ಕ ಮುಗಸು,” ಎಂದಳು ಅಕ್ಕ.

ಅವಳು ಮದುವೆಯಾಗಿ ಕುಷ್ಟಗಿ ಕಡೆಯ ಹಳ್ಳಿಗೆ ಹೋದಳು. ನಾನು ಓದಿ ರಸಾಯನಶಾಸ್ತ್ರದ ಲೆಕ್ಚರರ್ ಆದೆ.

ಮನೆಗೆ ಬಂದವಳೇ ಅವಳಿಗೆ ಫೋನ್ ಮಾಡಿದೆ. ಹೊಲದಿಂದ ಆಗಷ್ಟೇ ಬಂದಿದ್ದಳು.

“ಭಾಳ ದಣಿವಾಗೇತಿ ತಂಗಿ, ನಾಳೆ ಮಾತಾಡೂಣು,” ಎಂದಳು.

ನನಗೂ ದಣಿವಾಗಿತ್ತು. ಆದರೂ, “ಓಣಿಯಲ್ಲಿ ಯಾರೋ ಸುಣ್ಣ ನೆನೆಹಾಕಿದ್ದರು ಅಕ್ಕಾ,” ಎಂದೆ; ಅವಳು ಫೋನ್ ಇಡಲಿಲ್ಲ.