ಹೆಂಡತಿಯ ಟ್ರೇಯೊಳಗೆ ನಾನಿಟ್ಟ ಬೋರ್ಡು

ಕಳೆದ ವರ್ಷ ದಸರಾ ಮುಗಿದ ವಾರದ ಮಾತು. ಪುಣೆಯಲ್ಲಿ ಎಲೆಕ್ಟ್ರಾನಿಕ್ ಬೋರ್ಡು ತಯಾರಿಸುವ ಕಾರ್ಖಾನೆಯೊಂದರಲ್ಲಿ ನಾನು ಹದಿನೆಂಟು ವರ್ಷಗಳಿಂದ ಬೆಸುಗೆ ಕೆಲಸ ಮಾಡುತ್ತಿದ್ದೇನೆ. ನಮ್ಮದು ಮೂಲ ಧಾರವಾಡ. ಹೆಂಡತಿ ಗಿರಿಜೆಯನ್ನು ಅದೇ ಕಾರ್ಖಾನೆಗೆ ಸೇರಿಸಿದವನೂ ನಾನೇ, ಬೆಸುಗೆ ಹಾಕಲು ಕಲಿಸಿದವನೂ ನಾನೇ.

ಬೋರ್ಡು ತಪಾಸಣೆಯ ಸರ್ಟಿಫಿಕೇಟಿಗೆ ಇಬ್ಬರೂ ಪರೀಕ್ಷೆಗೆ ಕೂತೆವು. ಅವಳು ಪಾಸಾದಳು, ನಾನು ಫೇಲು! ಅಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆ. ಆದರೆ ಮರುವಾರದಿಂದ ನಾನು ಬೆಸೆದ ಬೋರ್ಡು ಅವಳ ಮೇಜಿಗೆ ಹೋಗಿ, ಅವಳು ಠಸ್ಸೆ ಒತ್ತಿದರೆ ಮಾತ್ರ ಗೇಟು ದಾಟಬೇಕು. ಕೋಥರೂಡದ ನಮ್ಮ ಸೊಸೈಟಿಯಲ್ಲಿ ಪಕ್ಕದ ಮನೆಯ ಕುಲಕರ್ಣಿ, "ಇನ್ನ ಮ್ಯಾಲೆ ನಿಮ್ಮನ್ನ ಪಾಸು-ಫೇಲು ಮಾಡೋರು ಗಿರಿಜಾ ವೈನಿ ಅನ್ರಿ!" ಎಂದು ನಕ್ಕ. ನಾನೂ ಹಲ್ಲು ಕಿರಿದೆ. ಹೊಟ್ಟೆಗೆ ಬೆಂಕಿ ಬಿದ್ದಿತ್ತು.

ಅವಳೋ ಸುಮ್ಮನಿರುವವಳಲ್ಲ. "ಹೊಳಪು ಬರ್ಲೆಂತ ಮತ್ತ ಮತ್ತ ಕಾಸಬ್ಯಾಡ್ರಿ, ಕೆಳಗಿನ ತಾಮ್ರ ಏಳ್ತದ" ಎಂದಳು. ನನಗೇ ಪಾಠ!

ಅವಳು ಠಸ್ಸೆ ಹಿಡಿದ ವಾರವೇ ಗಿರಾಕಿ ಕಂಪನಿಯ ಸಾಹೇಬರೊಬ್ಬರು ನಮ್ಮ ಕೆಲಸ ನೋಡಲು ಬಂದರು. ಅವರ ಬೋರ್ಡು ಆಸ್ಪತ್ರೆಯ ಉಸಿರಾಟದ ಯಂತ್ರದ್ದು, ಅಂದರೆ ಮೂರನೇ ವರ್ಗ. ರೈಲಿನ ಹಾಗಲ್ಲ, ನಮ್ಮಲ್ಲಿ ಮೂರನೇ ವರ್ಗವೇ ಎಲ್ಲಕ್ಕಿಂತ ಕಟ್ಟುನಿಟ್ಟು. ಅಂದು ಬೆಳಿಗ್ಗೆ ನಾನು ಎರಡೆರಡು ಸಲ ಕಾಸಿದ ಒಂದು ಬೋರ್ಡಿನಲ್ಲಿ ತಾಮ್ರ ಕೂದಲೆಳೆಯಷ್ಟು ಎದ್ದಿತ್ತು. ಅದನ್ನು ಅಲ್ಲೇ ಬೇರೆ ತೆಗೆದಿಡಬೇಕಿತ್ತು. ತೆಗೆದಿಡಲಿಲ್ಲ. ಗಿರಿಜೆ ನೀರು ಕುಡಿಯಲು ಎದ್ದಾಗ ಅವಳ ಟ್ರೇಯ ನಡುವೆ ಸೇರಿಸಿಬಿಟ್ಟೆ. ಅವಳು ಪಾಸು ಮಾಡಬೇಕು, ಸಾಹೇಬರು ಹಿಡಿಯಬೇಕು, ಅವಳ ಠಸ್ಸೆ ಕಸಿದುಕೊಳ್ಳಬೇಕು. ಇಷ್ಟೇ ನನಗೆ ಬೇಕಾಗಿದ್ದದ್ದು.

ಸಾಹೇಬರು ಅವಳ ಹಿಂದೆ ನಿಂತರು. ಅವಳು ಭೂತಗನ್ನಡಿಯ ಕೆಳಗೆ ಒಂದೊಂದೇ ಬೋರ್ಡು ಹಿಡಿದು ಠಸ್ಸೆ ಒತ್ತುತ್ತಾ ಹೋದಳು. ನನ್ನದು ಬಂತು. ಅವಳ ಕಣ್ಣಿಗೆ ಬೀಳದಿರಲಿ ದೇವರೇ ಎಂದು ಬೇಡಿಕೊಂಡೆ. ಅವಳು ಓರೆ ಮಾಡಿ ಮತ್ತೊಮ್ಮೆ ನೋಡಿದಳು. ದೋಷ ತೋರಿಸುವ ಕೆಂಪು ಬಾಣದ ಚೀಟಿ ಅಂಟಿಸಿದಳು.

"ಕುಣಾಚಂ ಕಾಮ ಆಹೇ?" ಯಾರ ಕೆಲಸವೆಂದು ಸಾಹೇಬರು ಮರಾಠಿಯಲ್ಲಿ ಕೇಳಿದರು.

ಮದುವೆಯಾದಾಗಿನಿಂದ ಅವಳು ನನ್ನ ಹೆಸರು ಹೇಳಿದ್ದು ಹಬ್ಬ-ಮದುವೆಗಳಲ್ಲಿ ಅದನ್ನು ಪ್ರಾಸದಲ್ಲಿ ಹೆಣೆದು ಒಡಪು ಹೇಳುವಾಗ ಮಾತ್ರ. ಬರೀ ಹೆಸರು ಅವಳ ಬಾಯಲ್ಲಿ ಬಂದದ್ದೇ ಇಲ್ಲ. ಅಂದು "ಬಸವರಾಜ" ಎಂದಳು. ವರದಿಯಲ್ಲೂ ಬರೆದಳು. ಸಾಹೇಬರು "ಛಾನ್!" ಎಂದು ಅವಳನ್ನು ಹೊಗಳಿದರು. ನನಗೆ ತಲೆ ಎತ್ತಲಾಗಲಿಲ್ಲ.

ಸಂಜೆ ಸ್ಕೂಟರಿನಲ್ಲಿ ಮನೆಗೆ ಹೊರಟಾಗ, ಸಿಗ್ನಲ್ಲಿನಲ್ಲಿ ಹಿಂದಿನಿಂದ ಮೆಲ್ಲಗೆ ಕೇಳಿದಳು, "ಅದನ್ನ ಬೇಕಂತನ ಇಟ್ಟಿದ್ರಿ, ಹೌದಲ್ರಿ?"

"ಹೂಂ. ನೀ ಬಿಟ್ಟಿದ್ರ ಸಾಹೇಬ್ರು ಹಿಡೀತಿದ್ರು."

"ಅವರಿಗೂ ಕಾಣಲಿಲ್ಲಂದ್ರ? ಯಾರದರ ಮನಿ ಕೂಸಿಗೆ ಹಚ್ಚೋ ಯಂತ್ರರೀ ಅದು. ನನ್ನ ಮ್ಯಾಲಿನ ಸಿಟ್ಟು ನನ್ನ ಮ್ಯಾಲೆ ತೀರಿಸ್ಕೋರಿ."

ಹಸಿರು ದೀಪ ಬಿತ್ತು. ಹಿಂದಿನ ಗಾಡಿಯವರು ಹಾರ್ನ್ ಹೊಡೆದ ಮೇಲೆಯೇ ನಾನು ಸ್ಕೂಟರ್ ಬಿಟ್ಟೆ.

ಸುಳ್ಳೇಕೆ ಹೇಳಲಿ, ಅವಳು ಠಸ್ಸೆ ಒತ್ತುವುದನ್ನು ಕಂಡರೆ ಇಂದಿಗೂ ನನ್ನ ಹೊಟ್ಟೆ ಉರಿಯುತ್ತದೆ. ಆದರೆ ನಾಳೆ ನಮ್ಮ ಮನೆಯವರಿಗೇ ಆ ಯಂತ್ರ ಬೇಕಾಗಿ ಬಂದರೆ, ಅದರೊಳಗಿನ ಬೋರ್ಡಿನ ಮೇಲೆ ಇರಬೇಕಾದದ್ದು ಅವಳ ಠಸ್ಸೆ. ನನ್ನದಲ್ಲ.